ಬೀರವ್ವನ ಕಾಗದ

ನಮ್ಮ ಮನೆಗೆ ಪರದೇಶದವರು ಊಟಕ್ಕೆ ಬಂದದ್ದು ಒಂದೇ ಸಲ. ಆ ದಿನ ನಾನು ಮಾಡಿದ್ದನ್ನು ಇಲ್ಲಿ ಬರೆಯದೆ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅಪ್ಪ ಹೋದ, ಅವ್ವ ಹೋದಳು, ಅಪ್ಪನ ತಾಯಿ ಆಯಿ ಎಂದೋ ಹೋದಳು. ರಾಯಬಾಗದ ಶಾಲೆಯಲ್ಲಿ ನೌಕರಿ ಮುಗಿಸಿ ನಾನು ಮತ್ತೆ ನಿಪ್ಪಾಣಿಗೆ ಬಂದು ನೆಲೆಸಿ ಕೆಲವು ವರ್ಷಗಳಾದವು. ಬಾಲ್ಯದ ಮನೆಯ ಬಗ್ಗೆ ಬರೆಯಲು ಕೂತರೆ ಒಲೆ, ಹಬ್ಬ, ಜಗಳ ಎಲ್ಲ ತಾವಾಗಿಯೇ ಬರುತ್ತವೆ. ಈ ಒಂದು ಮಧ್ಯಾಹ್ನಕ್ಕೆ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟು ಚಹಾ ಮಾಡಲು ಏಳುತ್ತೇನೆ. ಹೀಗೆ ಎದ್ದು ಎದ್ದು ಮೂರು ತಿಂಗಳು ಕಳೆದೆ.

ನಮ್ಮ ಮನೆ ತಂಬಾಕು ತುಂಬಿಡುವ ವಖಾರಗಳ ಹಿಂದಿನ ಓಣಿಯಲ್ಲಿತ್ತು. ಸುಗ್ಗಿಯ ದಿನಗಳಲ್ಲಿ ವಖಾರದ ದೊಡ್ಡ ಬಾಗಿಲು ತೆರೆದರೆ ಘಾಟು ಓಣಿಯ ತುಂಬ ಹರಡುತ್ತಿತ್ತು. ಹೊರಗಿನಿಂದ ಬಂದವರು ಸೀನುತ್ತಿದ್ದರು, ನಾವು ಸೀನುತ್ತಿರಲಿಲ್ಲ. ಮನೆಯೊಳಗೆ ಮೂರು ಕೋಣೆ, ಮೂರು ರಾಜ್ಯ. ಪಡಸಾಲೆ ಅಪ್ಪನದು. ಅಲ್ಲಿ ಕೆಂಪು ಬಾವುಟಗಳ ಕಟ್ಟು, ಕರಪತ್ರಗಳ ಗಂಟು, ಗೋಡೆಯ ಮೇಲೆ ಗಡ್ಡ ಬಿಟ್ಟ ಇಬ್ಬರು ಪರದೇಶದ ಹಿರಿಯರ ಪಟ. ಆಯಿ ಅವರನ್ನು ಯಾವುದೋ ಮಠದ ಸ್ವಾಮಿಗಳೆಂದು ತಿಳಿದು ಬಹಳ ದಿನ ಕೈ ಮುಗಿದಳು. ಗೊತ್ತಾದ ಮೇಲೂ ಬಿಡಲಿಲ್ಲ. ನಡುಮನೆ ಅವ್ವನ ಬೀಡಿಯದು. ಎಲೆ, ತಂಬಾಕು ತುಂಬಿದ ಮೊರ, ದಾರದ ಉಂಡೆ ಅಲ್ಲಿಂದ ಎಂದೂ ಏಳುತ್ತಿರಲಿಲ್ಲ. ಅಡಿಗೆಮನೆ ಆಯಿಯ ದೇವರದು. ಅಪ್ಪ ಮೊದಲು ವಖಾರದಲ್ಲಿ ತೂಕ ಮಾಡುತ್ತಿದ್ದ. ಅಲ್ಲಿನ ಹೆಂಗಸರ ಕೂಲಿಗಾಗಿ ಮುಷ್ಕರ ಹೂಡಿ ಕೆಲಸ ಕಳೆದುಕೊಂಡು, ಆಮೇಲೆ ಪೂರ್ತಿ ಸಂಘಟನೆಗೇ ನಿಂತ. ಇಂದು ಚಿಕ್ಕೋಡಿಯ ಕೋರ್ಟು, ನಾಳೆ ಅಥಣಿಯ ಸಭೆ. ಅವ್ವ ಕಟ್ಟಿದ ಬೀಡಿಯಿಂದ ನಮ್ಮ ಒಲೆ ಹೊತ್ತುತ್ತಿತ್ತು. ನನಗೆ ಅವನಿಟ್ಟ ಹೆಸರು ಕ್ರಾಂತಿ. ಆಯಿಯ ನಾಲಿಗೆಗೆ ಅದು ಹೊರಳದೆ ಕಾಂತಿ ಆಯಿತು. ಅಪ್ಪ ತಿದ್ದಿ ತಿದ್ದಿ ಸೋತ.

ಅಪ್ಪ ನನ್ನನ್ನು ಬೆಳೆಸಿದ್ದು ಸೋವಿಯತ್ ದೇಶದ ಬಣ್ಣದ ಪತ್ರಿಕೆಗಳ ಮೇಲೆ. ಆ ನುಣ್ಣನೆಯ ಹಾಳೆಗಳನ್ನು ಓಣಿಯ ಮಕ್ಕಳೆಲ್ಲ ಪಾಟಿಚೀಲದ ಪುಸ್ತಕಗಳಿಗೆ ಹೊದಿಸಲು ಬೇಡಿಕೊಂಡು ಒಯ್ಯುತ್ತಿದ್ದರು. ನನಗೆ ಮಾತ್ರ ಅಪ್ಪ ಕೂರಿಸಿಕೊಂಡು ಓದಿ ಹೇಳುತ್ತಿದ್ದ. ಆ ದೇಶದಲ್ಲಿ ಸಾಹುಕಾರರಿಲ್ಲ, ಹಸಿದವರಿಲ್ಲ. ಹದಿನೈದು ನಾಡುಗಳು ಹದಿನೈದು ಅಕ್ಕತಂಗಿಯರಂತೆ ಒಂದೇ ಮನೆಯಲ್ಲಿವೆ. ಆ ಹದಿನೈದರ ಹೆಸರು, ರಾಜಧಾನಿ, ಬೆಳೆ ಎಲ್ಲ ನನಗೆ ಬಾಯಿಪಾಠ. ಮನೆಗೆ ಯಾರು ಬಂದರೂ ಅಪ್ಪ ನನ್ನನ್ನು ನಡುವೆ ನಿಲ್ಲಿಸಿ ಹೇಳಿಸುತ್ತಿದ್ದ. ಹೇಳಿ ಮುಗಿಸಿದಾಗ ಅವನ ಮುಖದಲ್ಲಿ ಮೂಡುತ್ತಿದ್ದ ಹಿಗ್ಗಿಗಾಗಿ ನಾನು ಏನನ್ನಾದರೂ ಬಾಯಿಪಾಠ ಮಾಡುತ್ತಿದ್ದೆ. ಇದನ್ನು ಹೇಳುತ್ತಿರುವುದು ನೆಪಕ್ಕಾಗಿ ಅಲ್ಲ. ನಾನು ಎಂಥ ಹುಡುಗಿಯಾಗಿದ್ದೆ ಎಂಬುದು ಓದುವವರಿಗೆ ತಿಳಿದಿರಲಿ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಆ ದೇಶದಿಂದ ಮೂವರು ನಿಪ್ಪಾಣಿಗೆ ಬಂದರು. ಬೀಡಿ ಕೆಲಸಗಾರರನ್ನು ಕಂಡು, ಸಂಜೆ ಸಭೆಯಲ್ಲಿ ಮಾತಾಡಿ ಹೋಗುವುದೆಂದು ಗೊತ್ತಾಗಿತ್ತು. ಊರಿನ ದೊಡ್ಡ ವ್ಯಾಪಾರಿಯೊಬ್ಬರು ತಮ್ಮ ಬಂಗಲೆಯಲ್ಲೇ ಊಟವೆಂದು ಹೇಳಿ ಕಳಿಸಿದರು. ಅಪ್ಪ ಒಪ್ಪಲಿಲ್ಲ.

"ದುಡಿಯೋರ ದೇಶದಿಂದ ಬಂದಾರ, ದುಡಿಯೋರ ಮನ್ಯಾಗ ಉಣ್ತಾರ" ಎಂದ.

"ಉಣ್ಲಿ. ಆದ್ರ ಚಪ್ಪಲ್ ಬೂಟು ಹಾಕ್ಕೊಂಡು ನನ್ನ ಅಡಿಗಿಮನಿ ಹೊಸ್ತಿಲ ದಾಟಬ್ಯಾಡ ಅನ್ನು" ಎಂದಳು ಆಯಿ.

ಎರಡು ದಿನ ಮೊದಲೇ ಅವ್ವ ನೆಲ ಸಾರಿಸಿದಳು, ಬೀಡಿಯ ಸಾಮಾನನ್ನೆಲ್ಲ ಮೂಲೆಗೆ ಸರಿಸಿ ಮೇಲೆ ಕೌದಿ ಹೊದಿಸಿದಳು. ಅದನ್ನು ನೋಡಿ ಅಪ್ಪ ಕೌದಿ ತೆಗೆಸಿದ. ಕೆಲಸ ಮುಚ್ಚಿಡುವ ವಸ್ತುವಲ್ಲ ಎಂಬುದು ಅವನ ವಾದ. ಇಬ್ಬರಿಗೂ ಅದರ ಮೇಲೆ ಒಂದು ಜಗಳವೇ ಆಯಿತು.

ಬಂದವರಲ್ಲಿ ಒಬ್ಬ ಮುಖ್ಯಸ್ಥ. ದಪ್ಪ ಮನುಷ್ಯ, ಕೋಟಿನ ಎದೆಯ ಮೇಲೆ ಸಾಲು ಪದಕ. ಇನ್ನೊಬ್ಬ ಕ್ಯಾಮೆರಾ ಹಿಡಿದ ತೆಳ್ಳನೆಯವನು. ಅವನು ಮಾತೇ ಆಡಲಿಲ್ಲ, ಬಂದಾಗಿನಿಂದ ಸೀನಿದ. ಮೂರನೆಯವಳು ದುಭಾಷಿ. ಅವ್ವನ ವಯಸ್ಸಿನವಳು, ಜೋಳದ ಬಣ್ಣದ ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿದ್ದಳು. ಮುಖ್ಯಸ್ಥ ಹೇಳಿದ್ದನ್ನು ಅವಳು ಹಿಂದಿಗೆ ತಿರುಗಿಸುತ್ತಿದ್ದಳು, ಅಪ್ಪ ಹಿಂದಿಯಲ್ಲಿ ಹೇಳಿದ್ದನ್ನು ಅವನ ಭಾಷೆಗೆ. ಅಪ್ಪ ಎಂದಿನಂತೆ ನನ್ನನ್ನು ನಡುವೆ ನಿಲ್ಲಿಸಿದ. ನಾನು ಹದಿನೈದು ನಾಡುಗಳ ಹೆಸರನ್ನು ಉಸಿರು ಬಿಡದೆ ಹೇಳಿದೆ. "ಲಿಥುವೇನಿಯಾ, ರಾಜಧಾನಿ ವಿಲ್ನ್ಯುಸ್, ಹಾಲು ಬೆಣ್ಣೆ" ಎಂದಾಗ ದುಭಾಷಿ ತಲೆ ಎತ್ತಿ ನನ್ನನ್ನು ನೋಡಿದಳು. ಮುಖ್ಯಸ್ಥ ನಕ್ಕು ಅವಳತ್ತ ಬೆರಳು ಮಾಡಿದ. ಅದು ತನ್ನ ಊರು ಎಂದು ಅವಳು ಹೇಳಿದಳು. ಅವನು ನನ್ನ ಫ್ರಾಕಿಗೆ ಒಂದು ಕೆಂಪು ಬಿಲ್ಲೆ ಚುಚ್ಚಿ, ಯಾವ ತರಗತಿ ಎಂದು ಅವಳಿಂದ ಕೇಳಿಸಿದ. ಅಪ್ಪನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ.

ಗಂಡಸರ ಊಟ ಮುಗಿಯುವವರೆಗೂ ಆಕೆ ಅವರ ನಡುವೆ ನಿಂತು ಮಾತು ತಿರುಗಿಸುತ್ತಲೇ ಇದ್ದಳು. ಶೇಂಗಾ ಹೋಳಿಗೆ, ಎಣ್ಣೆಗಾಯಿ ಪಲ್ಯ, ಬಿಸಿ ರೊಟ್ಟಿ ಹೊಟ್ಟೆ ತುಂಬ ಉಂಡ ಮುಖ್ಯಸ್ಥ ಪಡಸಾಲೆಯ ಮಂಚದ ಮೇಲೆ ಒರಗಿ ಅಲ್ಲೇ ಕಣ್ಣು ಮುಚ್ಚಿದ. ಅಪ್ಪ ಸಂಜೆಯ ಸಭೆಯ ಮೈಕಿನ ವ್ಯವಸ್ಥೆ ನೋಡಲು ಹೋದ. ತೆಳ್ಳನೆಯವನು ಬಾಗಿಲಲ್ಲಿ ಕೂತು ಸಿಗರೇಟು ಹಚ್ಚಿದ. ಆಗ ಆಕೆ ಒಳಗೆ ಬಂದಳು. ಯಾರೂ ಹೇಳದೆಯೇ ಅಡಿಗೆಮನೆಯ ಹೊಸ್ತಿಲ ಹೊರಗೆ ಬೂಟು ಬಿಟ್ಟಳು. ಆಯಿಗೆ ಅಷ್ಟು ಸಾಕಾಯಿತು.

"ಬಾ ಯವ್ವಾ, ಕುಂಡ್ರ ಬಾ. ಇವ್ರಿಗೆ ಮಾತ ಹೇಳಿ ಹೇಳಿ ನಿನ್ನ ಬಾಯಿ ಒಣಗೈತಿ" ಎಂದು ಮಣೆ ಹಾಕಿದಳು.

ಆಕೆಯ ಹಿಂದಿ ಪುಸ್ತಕ ಓದಿ ಕಲಿತದ್ದು. ಅವ್ವ ಆಡುತ್ತಿದ್ದುದು ಮರಾಠಿ ಬೆರೆತ ಸಂತೆಯ ಹಿಂದಿ. ಅರ್ಥವಾಗದಲ್ಲಿ ನಾನು ಸೇರಿಸುತ್ತಿದ್ದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹೆಸರು ಕೇಳಿದ್ದಕ್ಕೆ ಬಿರೂತೆ ಎಂದಳು. ಆಯಿ ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, "ಹಂಗಾರ ಬೀರವ್ವ" ಎಂದು ತೀರ್ಮಾನಿಸಿದಳು. ಬೀರವ್ವ ನಕ್ಕಳು. ಅವ್ವನ ಪಕ್ಕ ಕೂತು ರೊಟ್ಟಿ ತಟ್ಟಲು ನೋಡಿದಳು. ಅದು ಹರಿದು ಮೂರು ಚೂರಾಯಿತು. ಒಲೆಯ ಹೊಗೆ ಕಣ್ಣಿಗೆ ಹೊಡೆದಾಗ, "ಇದಕ್ಕೆ ನಮ್ಮಲ್ಲಿ ದೂಮಸ್ ಅಂತೇವೆ" ಎಂದಳು. ನಮ್ಮ ಶಾಲೆಯ ಪುಸ್ತಕದಲ್ಲಿ ಧೂಮ ಎಂದಿದೆ ಎಂದು ನಾನು ಹೇಳಿದೆ. ಅವಳು ನನ್ನ ಗಲ್ಲ ಸವರಿದಳು. ಬೆಂಕಿಗೆ, ಜೇನಿಗೆ, ದೇವರಿಗೆ ಅವರ ಮಾತಿನಲ್ಲಿ ಇರುವ ಹೆಸರು ಹೇಳಿದಳು. ಎಲ್ಲ ನಮ್ಮ ಪುಸ್ತಕದ ಮಾತುಗಳ ಬಂಧುಗಳೇ. ಈ ನಂಟು ಕಂಡೇ ತಾನು ಹಿಂದಿ ಕಲಿಯಲು ಹೋದದ್ದು ಎಂದಳು.

"ನಿಮ್ಮ ರಷ್ಯಾದಾಗ ರೊಟ್ಟಿ ಮಾಡಂಗಿಲ್ಲೇನ?" ಎಂದು ಅವ್ವ ಕೇಳಿದಳು.

ಬೀರವ್ವ ಬಾಗಿಲತ್ತ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, "ನಾನು ರಷ್ಯಾದವಳಲ್ಲ" ಎಂದಳು.

ಮುಂದಿನದನ್ನು ಅವಳು ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದಳು. ತನ್ನ ದೇಶ ಚಿಕ್ಕದು. ಅದಕ್ಕೆ ತನ್ನದೇ ಧ್ವಜ, ತನ್ನದೇ ಸರಕಾರ ಇತ್ತು. ತಾನು ಹುಟ್ಟಿದ ಹೊತ್ತಿಗೆ ರಷ್ಯನರ ಸೈನ್ಯ ಬಂತು, ಅದನ್ನು ಓಡಿಸಿ ಜರ್ಮನರ ಸೈನ್ಯ ಬಂತು, ಅದನ್ನು ಓಡಿಸಿ ಮತ್ತೆ ರಷ್ಯನರದು. ಕೊನೆಗೆ ಬಂದವರು ಹೋಗಲೇ ಇಲ್ಲ. ತನ್ನ ಅಪ್ಪನಿಗೆ ಹೊಲವಿತ್ತು, ಆರು ಹಸು ಇದ್ದವು. ಆರು ಹಸು ಇದ್ದವರನ್ನು ಜನರ ವೈರಿಗಳೆಂದು ಪಟ್ಟಿ ಮಾಡಿದರು. ಒಂದು ಬೆಳಿಗ್ಗೆ ಲಾರಿಯಲ್ಲಿ ಬಂದು ಅವಳ ತಂದೆ, ತಾಯಿ, ತಂಗಿ ಮೂವರನ್ನೂ ದನ ತುಂಬುವ ರೈಲಿನಲ್ಲಿ ಹಿಮದ ನಾಡಿಗೆ ಒಯ್ದರು. ಮೂವರೂ ಮರಳಲಿಲ್ಲ. ಇವಳು ಆ ವಾರ ಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು, ಅದಕ್ಕೇ ಉಳಿದಳು. ಊರಿನ ಹುಡುಗರು ಕಾಡು ಸೇರಿ ವರ್ಷಗಟ್ಟಲೆ ಹೋರಾಡಿದರು. ಸತ್ತವರ ಹೆಣಗಳನ್ನು ಸೈನಿಕರು ತಂದು ಸಂತೆಪೇಟೆಯಲ್ಲಿ ಹಾಕುತ್ತಿದ್ದರು. ಯಾರು ನೋಡಿ ಅಳುತ್ತಾರೋ ಅವರು ಸತ್ತವನ ಸಂಬಂಧಿಕರೆಂದು ಹಿಡಿಯಲು ಮರೆಯಲ್ಲಿ ಜನ ನಿಂತಿರುತ್ತಿದ್ದರು.

"ಚಿಕ್ಕಮ್ಮ ನನಗೆ ಓದು ಕಲಿಸುವುದಕ್ಕೆ ಮೊದಲು, ಮುಖದಲ್ಲಿ ಏನೂ ಕಾಣದ ಹಾಗೆ ಸಂತೆ ದಾಟುವುದನ್ನು ಕಲಿಸಿದಳು" ಎಂದಳು.

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತ್ತು. "ನಿಮಗ ಅಣ್ಣ ತಮ್ಮ ಯಾರೂ ಇಲ್ಲೇನ?" ಎಂದು ಕೇಳಿದಳು. ಕರೋಶಿಯ ತವರಿನಿಂದ ಪ್ರತಿ ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗುವ ಹೆಂಗಸು ಅವಳು. ಅವಳಿಗೆ ಮೊದಲು ಹೊಳೆದ ಪ್ರಶ್ನೆ ಅದೇ.

ಒಬ್ಬ ಅಣ್ಣ ಇದ್ದ. ಯುದ್ಧದ ಕೊನೆಗೆ, ಹದಿನೆಂಟರ ಹುಡುಗ, ಓಡಿಹೋದವರ ಗುಂಪಿನಲ್ಲಿ ಸೇರಿ ಸಮುದ್ರ ದಾಟಿದ. ಆಗ ಇವಳಿಗೆ ನಾಲ್ಕು ವರ್ಷ; ಅವನ ಹೆಗಲ ಮೇಲೆ ಕೂತದ್ದಷ್ಟೇ ನೆನಪು. ಬಹಳ ವರ್ಷಗಳ ಮೇಲೆ ಯಾರದೋ ಕೈಯಿಂದ ಚಿಕ್ಕಮ್ಮನಿಗೆ ಒಂದು ಚೀಟಿ ಬಂತು. ಅವನು ಅಮೆರಿಕದಲ್ಲಿ ಬದುಕಿದ್ದಾನೆ, ವಿಳಾಸ ಇದು. ಚೀಟಿ ಸುಟ್ಟರು, ವಿಳಾಸ ಇವಳ ತಲೆಯಲ್ಲಿ ಉಳಿಯಿತು. ಆದರೆ ಓದಿಗೆ, ನೌಕರಿಗೆ, ಈ ಪ್ರವಾಸಕ್ಕೆ ಅವಳು ತುಂಬಿದ ಪ್ರತಿ ಅರ್ಜಿಯೂ ಹೊರದೇಶದಲ್ಲಿ ಸಂಬಂಧಿಕರು ಇದ್ದಾರೆಯೇ ಎಂದು ಕೇಳುತ್ತಿತ್ತು. ಪ್ರತಿ ಸಲವೂ ಇಲ್ಲ ಎಂದು ಬರೆದಿದ್ದಳು. ಎಲ್ಲರೂ ಸತ್ತರೆಂದೇ ಅವನು ತಿಳಿದಿರಬೇಕು. ತಾನು ಉಳಿದಿರುವುದು ಅವನಿಗೆ ಗೊತ್ತಿಲ್ಲ ಎಂದಳು.

ನಂತರ ಅವಳು ಕುಪ್ಪಸದ ಒಳಗಿನಿಂದ ಒಂದು ಲಕೋಟೆ ತೆಗೆದಳು. ದಿಲ್ಲಿಯಿಂದ ಇಲ್ಲಿಯವರೆಗೆ ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಟ್ಟಿರಲಿಲ್ಲ. ಇದನ್ನು ಅಂಚೆಗೆ ಹಾಕಿಸುತ್ತೀರಾ ಎಂದು ಅವ್ವನನ್ನು ಕೇಳಿದಳು. ಅವ್ವ ಎರಡನೇ ಮಾತು ಆಡಲಿಲ್ಲ. ಸೀರೆಯ ಚುಂಗಿನಲ್ಲಿ ಗಂಟು ಹಾಕಿದ್ದ ದುಡ್ಡನ್ನೂ ಲಕೋಟೆಯನ್ನೂ ನನ್ನ ಕೈಗಿಟ್ಟಳು.

"ಪೋಸ್ಟಿಗೆ ಹೋಗಿ, ಪರದೇಶಕ್ಕ ಅಂತ ಹೇಳಿ ತಿಕೀಟು ಹಚ್ಚಿಸಿ ಡಬ್ಬಿಗೆ ಹಾಕು. ಯಾರ ಮುಂದೂ ಬಾಯಿ ಬಿಡಬ್ಯಾಡ. ಹಿತ್ತಲ ಬಾಗಲದಿಂದ ಹೋಗು, ಹಂಗ ಬಾ."

ನಾನು ಹಿತ್ತಲಿನಿಂದಲೇ ಹೋದೆ. ಅಂಚೆ ಕಚೇರಿಯ ಮೆಟ್ಟಿಲ ತನಕ ಓಡಿದೆ. ಅಲ್ಲಿ ನಿಂತು ವಿಳಾಸ ಓದಿದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳು. ಹೆಸರು, ಮನೆ ಸಂಖ್ಯೆ, ಬೀದಿ, ಊರು, ಕೊನೆಗೆ ಅಮೆರಿಕ. ನಮ್ಮ ಮನೆಯಲ್ಲಿ ಅಮೆರಿಕ ಎಂದರೆ ವೈರಿ. ಅಪ್ಪನ ಭಾಷಣಗಳಲ್ಲಿ ಎಲ್ಲ ಕೇಡಿನ ಕೊನೆಯಲ್ಲಿ ಅದೇ ಇರುತ್ತಿತ್ತು. ಇವಳ ಅಣ್ಣ ಅಲ್ಲಿ ಇದ್ದಾನೆ, ಇವಳ ಅಪ್ಪ ಹೊಲದ ಸಾಹುಕಾರ, ಇವಳು ನಮ್ಮ ಅಡಿಗೆಮನೆಯಲ್ಲಿ ಕೂತು ನಮ್ಮಪ್ಪನ ದೇಶದ ಮೇಲೆ ಚಾಡಿ ಹೇಳಿದಳು. ಹದಿನೈದು ಅಕ್ಕತಂಗಿಯರು ಎಂದು ಅಪ್ಪ ಹೇಳಿದ್ದು ಸುಳ್ಳೇ? ನನಗೆ ಸಿಟ್ಟು ಬಂದಿತ್ತು. ಇಷ್ಟನ್ನೇ ಬರೆದು ಬಿಟ್ಟರೆ ಹನ್ನೆರಡು ವರ್ಷದ ಹುಡುಗಿಯ ನಂಬಿಕೆಯ ಕತೆಯಾಗುತ್ತದೆ; ಓದಿದವರು ನನ್ನನ್ನು ಕ್ಷಮಿಸುತ್ತಾರೆ. ಆದರೆ ಆ ಮೆಟ್ಟಿಲ ಮೇಲೆ ಇನ್ನೊಂದೂ ಇತ್ತು. ಬಿಲ್ಲೆ ಚುಚ್ಚುವಾಗ ಎಲ್ಲರೂ ನನ್ನನ್ನು ನೋಡಿದ್ದರು. ಇನ್ನೊಮ್ಮೆ ನೋಡಲಿ ಎಂಬ ಆಸೆ ಇತ್ತು. ತಿಳಿಯದೆ ಮಾಡಿದೆ ಎಂದೂ ಹೇಳಲಾರೆ. ತಿಳಿಯದವಳಾಗಿದ್ದರೆ ಹಿತ್ತಲ ಬಾಗಿಲಿನಿಂದ ಮರಳುತ್ತಿದ್ದೆ. ಅಲ್ಲಿ ಅವ್ವ ಕಾಯುತ್ತಿರುತ್ತಾಳೆಂದು ನಾನು ಬೇಕೆಂದೇ ಸುತ್ತು ಹಾಕಿ ಮುಂಬಾಗಿಲಿಗೆ ಬಂದೆ.

ಮುಖ್ಯಸ್ಥ ಎದ್ದು ಚಹಾ ಕುಡಿಯುತ್ತಿದ್ದ. ಅಪ್ಪ ಮರಳಿ ಬಂದಿದ್ದ. ಬೀರವ್ವ ಅವರ ನಡುವೆ ನಿಂತು ಮತ್ತೆ ಮಾತು ತಿರುಗಿಸುತ್ತಿದ್ದಳು. ನಾನು ಲಕೋಟೆಯನ್ನು ಮುಖ್ಯಸ್ಥನ ಮುಂದೆ ಹಿಡಿದೆ. ಅವನು ನಗುತ್ತಲೇ ತೆಗೆದುಕೊಂಡ. ಇನ್ನೊಂದು ಬಾಯಿಪಾಠ ಎಂದುಕೊಂಡಿದ್ದನೋ ಏನೋ. ವಿಳಾಸ ಓದಿದ, ತಿರುಗಿಸಿ ನೋಡಿದ, ನಗು ಹಾಗೇ ಇತ್ತು. ಬೀರವ್ವನಿಗೆ ಒಂದು ಮಾತು ಹೇಳಿದ. ಅವಳು ನನ್ನತ್ತ ತಿರುಗಿದಳು. ಬೆಳಿಗ್ಗೆ ನನ್ನ ತರಗತಿ ಕೇಳಿದ ದನಿಯಲ್ಲೇ ಕೇಳಿದಳು:

"ಯಹ ಚಿಟ್ಠೀ ತುಮ್ಹೇ ಕಿಸನೇ ದೀ?"

ಈ ಕಾಗದ ನಿನಗೆ ಯಾರು ಕೊಟ್ಟರು. ನಾನು ಅವಳ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಸಂತೆ ದಾಟುತ್ತಿದ್ದಾಳೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದ ಮೇಲೂ ಹೇಳಿದೆ.

"ಆಪ್‌ನೇ."

ನೀವೇ, ಎಂದೆ. ಅವಳು ಮುಖ್ಯಸ್ಥನತ್ತ ತಿರುಗಿ ಅದನ್ನು ಅವನ ಭಾಷೆಗೆ ಹೇಳಿದಳು. ಆ ಭಾಷೆ ನನಗೆ ಬರುವುದಿಲ್ಲ, ಆದರೆ ಸರಿಯಾಗಿಯೇ ಹೇಳಿದಳೆಂದು ಬಲ್ಲೆ. ಅವನು ಮೊದಲ ಸಲ ನಗು ನಿಲ್ಲಿಸಿ ಅವಳನ್ನು ನೋಡಿದ. ಅಷ್ಟರಲ್ಲಿ ಅವ್ವ ಒಳಗಿನಿಂದ ಓಡಿ ಬಂದಳು. ಪರಗಂಡಸರ ಮುಂದೆ ಎಂದೂ ಬಾಯಿ ತೆರೆಯದ ಅವ್ವ, ಹಿಟ್ಟಿನ ಕೈಯನ್ನು ಮುಂದೆ ಚಾಚಿ, "ಮೇರಾ ಹೈ! ಅದು ನನ್ನ ಕಾಗದ ಐತ್ರಿ, ನಾನ ಕೊಟ್ಟೀನಿ" ಎಂದಳು. ಬೀರವ್ವ ಈ ಮಾತನ್ನು ತಿರುಗಿಸಲಿಲ್ಲ. ಮುಖ್ಯಸ್ಥ ಅಪ್ಪನತ್ತ ನೋಡಿದ. ಅವ್ವನಿಗೆ ಅಕ್ಷರ ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾಳೆ ಎಂಬುದು ಅಪ್ಪನಿಗೆ ಗೊತ್ತಿತ್ತು. ಆ ಮುಖ್ಯಸ್ಥನಿಗೆ ಗೊತ್ತಿರಲಿಲ್ಲ. ಅಪ್ಪ ನೆಲ ನೋಡಿದ.

ಮುಖ್ಯಸ್ಥ ಲಕೋಟೆಯನ್ನು ಕೋಟಿನ ಒಳಜೇಬಿಗೆ ಇಳಿಸಿದ. ನನ್ನ ತಲೆ ನೇವರಿಸಿ ಏನೋ ಹೇಳಿದ. ಅದನ್ನೂ ಬೀರವ್ವನೇ ನನಗೆ ತಿಳಿಸಬೇಕಾಯಿತು. ಅಲ್ಲಿಯವರೆಗೆ ಅವನ ಮಾತನ್ನು ತನ್ನ ಮಾತಿನಂತೆ ಹೇಳುತ್ತಿದ್ದವಳು ಆ ಒಂದು ಸಲ ಮಾತ್ರ, "ಇವರು ಹೇಳುತ್ತಿದ್ದಾರೆ" ಎಂದು ಶುರು ಮಾಡಿದಳು. "ಇವರು ಹೇಳುತ್ತಿದ್ದಾರೆ, ನೀನು ಎಚ್ಚರವಿರುವ ಹುಡುಗಿ. ನಿನ್ನಂಥ ಮಕ್ಕಳಿಂದಲೇ ದೇಶ ಉಳಿಯುತ್ತದೆ."

ಸಂಜೆಯ ಸಭೆಯಲ್ಲಿ ಅವಳು ಒಂದು ಗಂಟೆ ನಿಂತು ಅವನ ಭಾಷಣವನ್ನು ಹಿಂದಿಯಲ್ಲಿ ಹೇಳಿದಳು. ಅಪ್ಪ ಅದನ್ನು ಕನ್ನಡದಲ್ಲಿ ಹೇಳಿದ. ಹದಿನೈದು ಅಕ್ಕತಂಗಿಯರ ಮಾತೂ ಬಂತು. ಬೀರವ್ವ ಒಂದು ಶಬ್ದಕ್ಕೂ ತಡವರಿಸಲಿಲ್ಲ. ತೆಳ್ಳನೆಯವನು ಅವಳ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ನಿಂತೇ ಇದ್ದ. ಮರುದಿನ ಬೆಳಿಗ್ಗೆ ಮೂವರೂ ಕೊಲ್ಹಾಪುರದ ದಾರಿ ಹಿಡಿದರು.

ಅವ್ವ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ. ಕಾರ್ ಹೊರಟದ್ದೇ ಅವಳು ಜಗಳ ತೆಗೆದದ್ದು ಅಪ್ಪನ ಮೇಲೆ.

"ತಂಗಿ ಅಣ್ಣಗ ಕಾಗದ ಬರದ್ರ ಅದೂ ತಪ್ಪಾ ನಿಮ್ಮ ದೇಶದಾಗ?"

"ನಿನಗ ರಾಜಕಾರಣ ತಿಳಿಯೂದಿಲ್ಲ. ಸುಮ್ಮನಿರು."

"ತಿಳಿಯೂದಿಲ್ರಿ. ಅಣ್ಣ ಅಂದ್ರೇನು ಅಂತ ತಿಳೀತೈತಿ. ನೀವು ಹೂಂ ಅಂದಿದ್ರ ಅಕಿ ಬಚಾವ ಆಕ್ಕಿದ್ಲು."

ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋದ. ಎಂಟು ದಿನ ಅವ್ವ ನನಗೆ ರೊಟ್ಟಿ ಮಾಡಿ ಹಾಕಿದಳು, ತಲೆ ಬಾಚಿದಳು, ಹೆಸರು ಹಿಡಿದು ಮಾತ್ರ ಕರೆಯಲಿಲ್ಲ. ಒಂಬತ್ತನೇ ದಿನ ಬೀಡಿ ಕಟ್ಟುತ್ತ, ಕೈಯ ಕೆಲಸ ನಿಲ್ಲಿಸದೆ ಕೇಳಿದಳು.

"ಕ್ರಾಂತಿ, ನಿನಗ ಎಲ್ಲಾ ಬಾಯಿಪಾಠ ಇರ್ತಾವಲಾ. ಆ ಲಕೋಟಿ ಮ್ಯಾಲಿನ ವಿಳಾಸ ನೆನಪೈತೇನ? ನಾವರ ಬರೂಣು, ನಿನ್ನ ತಂಗಿ ಜೀವಂತ ಅದಾಳ ಅಂತ."

ನೆನಪಿತ್ತು. ಅಂಚೆಯ ಮೆಟ್ಟಿಲ ಮೇಲೆ ನಾಲ್ಕು ಸಲ ಓದಿದ್ದೆ; ನಾಲ್ಕು ಸಲ ಓದಿದ್ದು ನನಗೆ ಮರೆಯುತ್ತಿರಲಿಲ್ಲ.

"ಇಲ್ಲವ್ವಾ" ಎಂದೆ.

ಮೊದಲನೆಯ ತಪ್ಪಿಗಾದರೂ ವಯಸ್ಸಿನ ನೆಪವಿದೆ. ಈ ಎರಡನೆಯದು ಹದಿನೇಳು ವರ್ಷ ನಡೆಯಿತು. ಮೆಟ್ರಿಕ್ ಮುಗಿಸಿದೆ, ಕಾಲೇಜು ಮುಗಿಸಿದೆ, ರಾಯಬಾಗದಲ್ಲಿ ಮೇಡಂ ಆದೆ, ಮದುವೆಯಾದೆ. ಅಪ್ಪನ ದೇಶದ ಬಗ್ಗೆ ಬೇರೆ ಪುಸ್ತಕಗಳನ್ನು ಓದಿದೆ. ಅಡಿಗೆಮನೆಯಲ್ಲಿ ಕೇಳಿದ್ದೆಲ್ಲ ನಿಜವೆಂದು ತಿಳಿಯಿತು. ವಿಳಾಸ ಆಗಲೂ ತಲೆಯಲ್ಲಿತ್ತು. ಒಂದು ಕಾಗದ, ಎರಡು ಸಾಲು ಸಾಕಿತ್ತು. ಬರೆದರೆ, ನನಗೆ ಈ ವಿಳಾಸ ಹೇಗೆ ಸಿಕ್ಕಿತು ಎಂದು ಹೇಳಬೇಕಾಗುತ್ತಿತ್ತು. ಅದೊಂದಕ್ಕಾಗಿ ಬರೆಯಲಿಲ್ಲ.

ಆ ದೊಡ್ಡ ದೇಶ ಒಡೆಯತೊಡಗಿದ ಚಳಿಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ. ವಖಾರದ ಧೂಳು ಎದೆಯೊಳಗೆ ಕೂತು ದಮ್ಮು ಆಗಿತ್ತು. ನಾನು ರಜೆಯ ಮೇಲೆ ಬಂದಿದ್ದೆ. ಸಂಜೆ ಟೀವಿಯ ಸುದ್ದಿಯಲ್ಲಿ ಬೀರವ್ವನ ಊರು ತೋರಿಸಿದರು. ಹಿಮದಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ಒಂದು ಕಟ್ಟಡದ ಸುತ್ತ ನಿಂತಿದ್ದರು, ಎದುರಿಗೆ ಟ್ಯಾಂಕುಗಳು. ಜನ ಹಾಡುತ್ತಿದ್ದರು. ಅಪ್ಪ ದಿಂಬಿಗೆ ಆತು ಎದ್ದು ಕೂತ.

"ಇದು ಆ ಹೆಣ್ಮಗಳ ದೇಶ ಅಲ್ಲೇನ?"

"ಹೌದಪ್ಪಾ."

"ಅವತ್ತ ನಾ ಒಂದ ಮಾತ ಅನಬೇಕಿತ್ತ. ಹೌದು, ನನ್ನ ಹೇಣ್ತಿ ಕಾಗದ ಅಂತ. ಮುಷ್ಕರದಾಗ ಪೊಲೀಸರ ಮುಂದ ನೂರ ಸುಳ್ಳ ಹೇಳೀನಿ ನಮ್ಮ ಮಂದಿ ಉಳಸಾಕ. ಅಕಿ ನಮ್ಮ ಮಂದಿ ಅಂತ ಅವತ್ತ ಅನ್ನಿಸಲಿಲ್ಲ ನೋಡ ನನಗ." ಉಸಿರು ಸಿಗದೆ ಮಾತು ನಿಲ್ಲಿಸಿದ. ಆಮೇಲೆ, "ನೀ ಸಣ್ಣಾಕಿ ಇದ್ದಿ. ನಿನ್ನ ತಪ್ಪಲ್ಲ" ಎಂದ.

ಆ ಮಾತನ್ನು ನುಂಗಿಕೊಂಡು ಕೂರುವುದು ನನ್ನಿಂದಾಗಲಿಲ್ಲ. ವಿಳಾಸ ನನಗೆ ನೆನಪಿದೆ, ಅಂದಿನಿಂದ ಇಂದಿನವರೆಗೂ ಇದೆ ಎಂದು ಹೇಳಿಬಿಟ್ಟೆ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳು ನನ್ನನ್ನು ನೋಡಿದ ಬಗೆಯನ್ನು ಬರೆಯಲು ನನಗೆ ಬಾರದು. ಬೈಯಲಿಲ್ಲ. ಒಳಗೆ ಹೋಗಿ ನನ್ನ ಚೀಲದಿಂದ ಪೆನ್ನು, ಹಾಳೆ ತಂದು ಎದುರಿಗೆ ಇಟ್ಟು, "ಬರಿ" ಎಂದಳಷ್ಟೆ.

ಇಂಗ್ಲಿಷಿನಲ್ಲಿ ಬರೆದೆ. ಮುಗಿದ ಮೇಲೆ ಅವ್ವ, ಏನು ಬರೆದೆ ಕನ್ನಡದಲ್ಲಿ ಹೇಳು ಎಂದಳು. ನಿಮ್ಮ ತಂಗಿ ನಮ್ಮ ಮನೆಗೆ ಬಂದಿದ್ದರು, ನಿಮಗೊಂದು ಕಾಗದ ಬರೆದಿದ್ದರು, ದುರ್ದೈವದಿಂದ ಆ ಕಾಗದ ಕೈತಪ್ಪಿ ಹೋಯಿತು ಎಂದು ಓದಿದೆ.

"ಕೈತಪ್ಪಿ ಹೋತು" ಎಂದಳು ಅವ್ವ. "ಯಾರ ಕೈ?"

ಹಾಳೆ ಹರಿದು ಇನ್ನೊಂದು ಬರೆದೆ. ನಾನು ಅದನ್ನು ಅಂಚೆಗೆ ಹಾಕದೆ ಆ ಮನುಷ್ಯನ ಕೈಗೆ ಕೊಟ್ಟೆ ಎಂದು ಬರೆದೆ. ನಿಮ್ಮ ವಿಳಾಸ ನೆನಪಿದ್ದೂ ಇಷ್ಟು ವರ್ಷ ಬರೆಯಲಿಲ್ಲ ಎಂದೂ ಬರೆದೆ. ಆ ಎರಡನೆಯ ಮಾತನ್ನು ಅವ್ವ ಹೇಳಿಕೊಟ್ಟಳು.

ಅಪ್ಪ ಆ ಬೇಸಿಗೆಯಲ್ಲಿ ತೀರಿಕೊಂಡ. ಅಮೆರಿಕದ ಉತ್ತರ ಬಂದದ್ದು ಆಮೇಲೆ. ಬರೆದವಳು ಬೀರವ್ವನ ಅಣ್ಣನ ಮಗಳು. ಮನೆ ಅದೇ, ಬೀದಿ ಅದೇ. ಅವಳ ತಂದೆ ಇರಲಿಲ್ಲ. ಅವನು ಹೋಗಿ ವರ್ಷವಾಗಿತ್ತು. ಕೊನೆಯ ದಿನಗಳಲ್ಲಿ, ಬಿಗಿ ಸಡಿಲಾದ ಮೇಲೆ, ಅಣ್ಣತಂಗಿ ಒಬ್ಬರನ್ನೊಬ್ಬರು ಹೇಗೋ ಪತ್ತೆ ಮಾಡಿಕೊಂಡಿದ್ದರು. ಒಂದು ಸಲ ಫೋನಿನಲ್ಲಿ ಮಾತಾಡಿದ್ದರು. ಭೇಟಿಗೆ ಪರವಾನಗಿ ಕೈಗೆ ಬರುವ ಮೊದಲೇ ಅವನು ತೀರಿಹೋದ. ನನ್ನ ಕಾಗದವನ್ನು ತನ್ನ ಅತ್ತೆ ಬೀರವ್ವನಿಗೆ ಕಳಿಸುತ್ತಿರುವುದಾಗಿ ಅವಳು ಬರೆದಿದ್ದಳು. ಕಾಗದದಲ್ಲಿ ಕಟುವಾದ ಮಾತು ಒಂದೂ ಇರಲಿಲ್ಲ. ಅಣ್ಣತಂಗಿಗೆ ಸಿಗಬಹುದಾಗಿದ್ದ ವರ್ಷಗಳ ಲೆಕ್ಕವನ್ನು ನಾನೇ ಹಾಕಿಕೊಳ್ಳಬೇಕಾಯಿತು.

ಮುಂದಿನ ಪಂಚಮಿಯ 'ರೊಟ್ಟಿ ಹಬ್ಬ'ದ ಹಿಂದಿನ ದಿನ ಬೀರವ್ವನ ಕಾಗದ ಬಂತು. ಆ ಹೊತ್ತಿಗೆ ಅವಳ ದೇಶ ಅವಳದೇ ಆಗಿತ್ತು. ಅಂಚೆಚೀಟಿಯ ಮೇಲೆ ಅದರ ಹೆಸರೊಂದೇ ಇತ್ತು. ಒಳಗೆ ನಾಲ್ಕು ಪುಟ ಹಿಂದಿ, ಶಾಲೆಯ ಮಕ್ಕಳಂತೆ ದುಂಡಗಿನ ಅಕ್ಷರ. ಅವ್ವ ಕಡಲೆ ಹುರಿಯುವುದನ್ನು ಬಿಟ್ಟು ಬಂದು ಕೂತಳು. ನಾನು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಹಿಂದಿರುಗಿದ ಮೇಲೆ ಅವಳನ್ನು ಕರೆಸಿ ಬಹಳ ದಿನ ವಿಚಾರಿಸಿದರು. ಜೈಲಿಗೆ ಹಾಕಲಿಲ್ಲ. ದುಭಾಷಿ ಕೆಲಸ ಹೋಯಿತು, ಕಲಿಸುವ ಕೆಲಸವನ್ನೂ ಕೊಡಲಿಲ್ಲ. ಒಂದು ಬ್ರೆಡ್ಡಿನ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಂತು ದುಡಿದಳು. ಮದುವೆಯಾಗಲಿಲ್ಲ. ಹಿಂದಿ ಮರೆಯಬಾರದೆಂದು ದಿನಾ ಒಬ್ಬಳೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಫೋನಿನಲ್ಲಿ ಅಣ್ಣನ ದನಿ ಕೇಳಿದಾಗ ಅವನಿಗೆ ತಮ್ಮ ಭಾಷೆಯ ಮಾತುಗಳು ಮರೆತು ಹೋಗಿದ್ದವು. ಇಬ್ಬರೂ ಹೆಚ್ಚು ಹೊತ್ತು ಅತ್ತೇ ಕಳೆದರು.

ಕೊನೆಯ ಪುಟ ಪೂರ್ತಿ ಅವ್ವನದು. ಆ ಮನೆಯ ತಾಯಿ ಹೇಗಿದ್ದಾರೆ, ಹಿಟ್ಟಿನ ಕೈಯಲ್ಲಿ ಓಡಿ ಬಂದದ್ದು ಈಗಲೂ ಕಣ್ಣ ಮುಂದಿದೆ, ನನ್ನ ಇಡೀ ಬಾಳಿನಲ್ಲಿ ನನ್ನನ್ನು ಉಳಿಸಲು ಎಲ್ಲರೆದುರು ಸುಳ್ಳು ಹೇಳಿದವರು ಅವರೊಬ್ಬರೇ, ಅವರಿಗೆ ನನ್ನ ನಮಸ್ಕಾರ ಮುಟ್ಟಿಸಿ. ಅದರ ಕೆಳಗೆ ಸಹಿ: ಬೀರವ್ವ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು.

"ನಿನ್ನ ಸುದ್ದಿ ಏನರ ಬರದಾಳೇನ?"

ನನ್ನ ತಪ್ಪೊಪ್ಪಿಗೆ ಅವಳ ಕೈ ಸೇರಿತ್ತು, ಅದನ್ನು ಓದಿಯೇ ಅವಳು ಉತ್ತರ ಬರೆದಿದ್ದಳು. ನಾಲ್ಕು ಪುಟವನ್ನೂ ಮತ್ತೆ ತಿರುವಿ ನೋಡಿದೆ. ಅಂಚು, ಹಿಂಬದಿ ಎಲ್ಲ ನೋಡಿದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕ್ಷಮಿಸಿದ್ದಾಳೆ ಎಂದು ನಾನು ಓದಿ ಹೇಳಿದ್ದರೆ ನಂಬುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲವ್ವಾ. ನನ್ನ ಹೆಸರ ಎಲ್ಲೂ ಇಲ್ಲ."

ಅವ್ವ ತಲೆ ಆಡಿಸಿದಳು. ಕಡಲೆ ಹತ್ತಿದ ವಾಸನೆ ಬರುತ್ತಿತ್ತು, ಅವಳು ಏಳಲಿಲ್ಲ.

"ನೀ ಮಾಡಿದ್ದ ಮರತಿದ್ರ ಬರೀತಿದ್ಲು" ಎಂದಳು.